ರೈಲುಹಾದಿಯ ಪಕ್ಕದಲ್ಲಿ ನಿಂತ ಶಸ್ತ್ರವೈದ್ಯ: ಎಡ್ವರ್ಡ್ ಡನ್ಲಪ್ ನೆನಪು

ಸರ್ ಎಡ್ವರ್ಡ್ ಡನ್ಲಪ್ 1993ರ ಜುಲೈ 2ರಂದು ಮೆಲ್ಬರ್ನ್‌ನಲ್ಲಿ ತೀರಿಕೊಂಡಾಗ ಅವರಿಗೆ 86 ತುಂಬಲು ಹತ್ತೇ ದಿನ ಉಳಿದಿತ್ತು. ಆಸ್ಟ್ರೇಲಿಯಾ ಅವರನ್ನು ಸರ್ಕಾರಿ ಗೌರವದೊಂದಿಗೆ ಬೀಳ್ಕೊಟ್ಟಿತು. ಅಂತಿಮ ಯಾತ್ರೆಯ ದಿನ ಆ ನಗರದ ಬೀದಿಗಳ ಇಕ್ಕೆಲಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ನಿಂತಿದ್ದರು. ಒಂದು ದೇಶ ಒಬ್ಬ ಶಸ್ತ್ರವೈದ್ಯನಿಗೆ ಇಷ್ಟು ದೊಡ್ಡ ಗೌರವ ಕೊಟ್ಟದ್ದು ಏಕೆ ಎಂದು ಕೇಳಿದರೆ, ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ನಡೆಸಿದ ಯುದ್ಧಕೈದಿಗಳ ಶಿಬಿರಗಳಲ್ಲಿ ಅವರು ಮಾಡಿದ ಶಸ್ತ್ರಚಿಕಿತ್ಸೆಗಳ ಕಥೆಗಳನ್ನೇ ಎಲ್ಲರೂ ಹೇಳುತ್ತಾರೆ. ಆ ಕಥೆಗಳು ನಿಜ, ಅವು ಮೈನಡುಗಿಸುವಂಥವೂ ಹೌದು. ಆದರೆ ಅವರ ಬದುಕಿನ ಬಗ್ಗೆ ಓದುತ್ತಾ ಹೋದಂತೆ ನನಗೆ ಬೇರೆಯದೇ ಒಂದು ಸಂಗತಿ ಮುಖ್ಯವೆನ್ನಿಸಿತು: ಈ ಮನುಷ್ಯ ಉಳಿಸಿದ ಜೀವಗಳಲ್ಲಿ ಹೆಚ್ಚಿನವು ಕೈಯಲ್ಲಿ ಚಾಕು ಹಿಡಿಯದೆ ಉಳಿಸಿದವು. ಈ ಬರಹದಲ್ಲಿ ಅವರನ್ನು ಆ ದೃಷ್ಟಿಯಿಂದ ನೆನೆಯಬೇಕೆಂದಿದ್ದೇನೆ.

ಬಾಲ್ಯ ಮತ್ತು ಓದಿನ ವಿವರಗಳನ್ನು ಬೇಗ ಹೇಳಿ ಮುಗಿಸಬಹುದು. ಅವರು ಹುಟ್ಟಿದ್ದು 1907ರಲ್ಲಿ, ವಿಕ್ಟೋರಿಯಾ ರಾಜ್ಯದ ವ್ಯಾಂಗರಾಟಾದಲ್ಲಿ. ಬೆಳೆದದ್ದು ಕೃಷಿಕರ ಮನೆಯಲ್ಲಿ. ಮೊದಲು ಔಷಧಶಾಸ್ತ್ರ ಕಲಿತು, ಬಳಿಕ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1934ರಲ್ಲಿ ಪದವಿ ಪಡೆದರು. ಆರು ಅಡಿ ನಾಲ್ಕು ಅಂಗುಲ ಎತ್ತರದ ಆಳು; ಬಾಕ್ಸಿಂಗ್ ಆಡುತ್ತಿದ್ದರು, ರಗ್ಬಿಯಲ್ಲಿ ಆಸ್ಟ್ರೇಲಿಯಾ ತಂಡವನ್ನು ಪ್ರತಿನಿಧಿಸಿದ್ದರು. ಗೆಳೆಯರಿಗೆ ಅವರು ಕಾಲೇಜಿನ ದಿನಗಳಿಂದಲೂ ‘ವಿಯರಿ’. 1938ರಲ್ಲಿ ಲಂಡನ್‌ಗೆ ಹೋಗಿ ಶಸ್ತ್ರವೈದ್ಯರ ಉನ್ನತ ಅರ್ಹತೆಯಾದ ಎಫ್‌ಆರ್‌ಸಿಎಸ್ ಮುಗಿಸಿದರು. ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ, 1939ರ ನವೆಂಬರ್‌ನಲ್ಲಿ, ಅಲ್ಲಿಂದಲೇ ಆಸ್ಟ್ರೇಲಿಯಾದ ಸೇನಾ ವೈದ್ಯಕೀಯ ದಳಕ್ಕೆ ಸೇರಿಕೊಂಡರು. ಪ್ಯಾಲೆಸ್ಟೀನ್, ಗ್ರೀಸ್, ಕ್ರೀಟ್, ಟೊಬ್ರುಕ್ ಎಂದು ಎರಡು ವರ್ಷ ಸುತ್ತಾಡಿದ ಮೇಲೆ, 1942ರ ಆರಂಭದಲ್ಲಿ ಅವರ ತುಕಡಿ ಜಾವಾ ದ್ವೀಪಕ್ಕೆ ಬಂದಿಳಿಯಿತು.

ಜಾವಾ ಉಳಿಯುವುದಿಲ್ಲ ಎಂಬುದು ಅಷ್ಟು ಹೊತ್ತಿಗೆ ಬಹುತೇಕ ಸ್ಪಷ್ಟವಾಗಿತ್ತು. ಬಾಂಡುಂಗ್‌ನಲ್ಲಿ ಮಿತ್ರಪಡೆಗಳ ಆಸ್ಪತ್ರೆಯೊಂದರ ಹೊಣೆ ಲೆಫ್ಟಿನೆಂಟ್ ಕರ್ನಲ್ ಡನ್ಲಪ್ ಅವರ ಮೇಲಿತ್ತು. ರೋಗಿಗಳನ್ನು ಬಿಟ್ಟು ಹೊರಡಲು ಅವರು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ದ್ವೀಪ ಜಪಾನೀಯರ ವಶವಾದಾಗ ಆಸ್ಪತ್ರೆಯ ಜೊತೆಗೆ ಅವರೂ ಸೆರೆಯಾದರು. ಆ ವಾರ್ಡಿನಲ್ಲಿ ಬಿಲ್ ಗ್ರಿಫಿತ್ಸ್ ಎಂಬ ಬ್ರಿಟಿಷ್ ಯುವಕನಿದ್ದ. ಸ್ಫೋಟವೊಂದರಲ್ಲಿ ಅವನ ಎರಡೂ ಕಣ್ಣು, ಎರಡೂ ಕೈ ಹೋಗಿದ್ದವು. ಆಸ್ಪತ್ರೆಯನ್ನು ಖಾಲಿ ಮಾಡಿಸಲು ಬಂದ ಜಪಾನೀ ಅಧಿಕಾರಿಗೆ ಅಂಥವನನ್ನು ಬದುಕಿಸಿಟ್ಟುಕೊಳ್ಳುವುದು ಅರ್ಥಹೀನವಾಗಿ ಕಂಡಿತು. ಬಂದೂಕಿನ ಬಯೊನೆಟ್ ಅವನತ್ತ ತಿರುಗಿತು. ಡನ್ಲಪ್ ನಡುವೆ ಬಂದು ನಿಂತರು. ಮೊದಲು ತನ್ನನ್ನು ದಾಟಿ ಹೋಗಬೇಕಾದೀತು ಎಂಬುದನ್ನು ಅವರ ನಿಲುವೇ ಹೇಳುತ್ತಿತ್ತು. ಸೈನಿಕರು ಹಿಂದೆ ಸರಿದರು. ಗ್ರಿಫಿತ್ಸ್ ಬದುಕಿ, ಯುದ್ಧ ಮುಗಿಸಿ ಇಂಗ್ಲೆಂಡಿಗೆ ಮರಳಿ, ಅಂಗವಿಕಲ ಯೋಧರ ಪರವಾಗಿ ದುಡಿಯುತ್ತಾ ಹಲವು ದಶಕ ಬಾಳಿದರು. ಡನ್ಲಪ್ ತೀರಿಕೊಂಡ ಮೇಲೂ ಎಷ್ಟೋ ವರ್ಷ ಇದ್ದರು. ಆ ಹುಡುಗನಿಗೆ ಶಸ್ತ್ರಚಿಕಿತ್ಸೆ ಮಾಡಿದವರೂ ಡನ್ಲಪ್ ಅವರೇ ಎಂಬುದು ನಿಜವಾದರೂ, ಅಂದು ಅವನನ್ನು ಉಳಿಸಿದ್ದು ಅಡ್ಡ ನಿಂತ ಆ ದೇಹ.

ಶಿಬಿರದಲ್ಲಿ ಇನ್ನೊಂದು ಬದಲಾವಣೆಯಾಯಿತು. ಸೇನೆಯ ವಾಡಿಕೆಯಂತೆ ಕೈದಿಗಳ ನಾಯಕತ್ವ ಕಾದಾಡುವ ದಳದ ಅಧಿಕಾರಿಗಳಿಗೆ ಸೇರಬೇಕಾದದ್ದು. ವೈದ್ಯರು ಅದರಿಂದ ಹೊರಗೆ. ಆದರೆ ಬಾಂಡುಂಗ್‌ನಲ್ಲಿದ್ದ ಆಸ್ಟ್ರೇಲಿಯನ್ನರ ನಾಯಕತ್ವ ಡನ್ಲಪ್ ಅವರ ಹೆಗಲೇರಿತು. ಇದು ಸಣ್ಣ ಸಂಗತಿಯಂತೆ ಕಾಣಬಹುದು, ಆದರೆ ಮುಂದಿನದೆಲ್ಲವೂ ಇಲ್ಲಿಂದಲೇ ಹೊರಟಿತು ಎಂದು ನಾನು ತಿಳಿದಿದ್ದೇನೆ. ಅಡುಗೆಮನೆ, ಶೌಚದ ಗುಂಡಿ, ದುಡ್ಡು, ಕೆಲಸದ ಹಂಚಿಕೆ ಇವೆಲ್ಲ ಒಬ್ಬ ವೈದ್ಯನ ಕೈಗೆ ಬಂದಂತಾಯಿತು. ಜಪಾನೀಯರು ಸೆರೆಯಲ್ಲಿದ್ದ ಅಧಿಕಾರಿಗಳಿಗೆ ತಿಂಗಳಿಗಿಷ್ಟು ಎಂದು ವೇತನ ಕೊಡುತ್ತಿದ್ದರು. ಸಾಮಾನ್ಯ ಸೈನಿಕನಿಗೆ ದುಡಿದ ದಿನಕ್ಕೆ ಮಾತ್ರ ಪುಡಿಗಾಸು, ಹಾಸಿಗೆ ಹಿಡಿದವನಿಗೆ ಅದೂ ಇಲ್ಲ. ಡನ್ಲಪ್ ಅಧಿಕಾರಿಗಳ ವೇತನದಲ್ಲಿ ದೊಡ್ಡ ಪಾಲನ್ನು ಸಾಮೂಹಿಕ ನಿಧಿಗೆ ಹಾಕಿಸಿದರು. ಕೆಲವರು ಗೊಣಗಿದರು, ಕೆಲವರು ನೇರವಾಗಿಯೇ ವಿರೋಧಿಸಿದರು. ಅವರು ಮಣಿಯಲಿಲ್ಲ. ಆ ದುಡ್ಡಿನಿಂದ ಬಾತುಕೋಳಿ ಮೊಟ್ಟೆ, ಹೆಸರುಕಾಳು, ಸಿಕ್ಕಷ್ಟು ಔಷಧಿ ರೋಗಿಗಳಿಗೆ ಬಂತು. ಬರೀ ಪಾಲಿಶ್ ಮಾಡಿದ ಅಕ್ಕಿ ಉಂಡು, ಜೀವಸತ್ವದ ಕೊರತೆಯ ರೋಗವಾದ ಬೆರಿಬೆರಿಯಿಂದ ಕಾಲು ಊದಿಸಿಕೊಂಡವನಿಗೆ ಒಂದು ಹಿಡಿ ಕಾಳು ಸಿಗುವುದೆಂದರೆ ಅದೇ ಚಿಕಿತ್ಸೆ.

1943ರ ಜನವರಿಯಲ್ಲಿ ಡನ್ಲಪ್ ತಮ್ಮ ಜನರೊಂದಿಗೆ ಸಿಂಗಾಪುರದ ಮೂಲಕ ಥಾಯ್ಲೆಂಡ್‌ಗೆ ಹೊರಟರು. ಅಲ್ಲಿ ಬರ್ಮಾ ರೈಲುಹಾದಿಯ ಕೆಲಸ ನಡೆದಿತ್ತು. ಬರ್ಮಾದಲ್ಲಿದ್ದ ಜಪಾನೀ ಸೇನೆಗೆ ಮಲಕ್ಕಾ ಜಲಸಂಧಿಯ ಮೂಲಕ ಹಡಗಿನಲ್ಲಿ ಸರಬರಾಜು ಮಾಡುವುದು ಮಿತ್ರಪಡೆಗಳ ಜಲಾಂತರ್ಗಾಮಿಗಳ ದೆಸೆಯಿಂದ ಅಪಾಯಕರವಾಗಿತ್ತು. ಹಾಗಾಗಿ ಥಾಯ್ಲೆಂಡಿನ ಬಾನ್ ಪಾಂಗ್‌ನಿಂದ ಬರ್ಮಾದ ಥಾನ್‌ಬ್ಯುಜಾಯತ್‌ವರೆಗೆ ಕಾಡು, ಬೆಟ್ಟ, ಹೊಳೆಗಳನ್ನು ದಾಟಿ 415 ಕಿಲೋಮೀಟರ್ ಹಳಿ ಹಾಸಲು ಹೊರಟಿದ್ದರು. 60,000ಕ್ಕೂ ಹೆಚ್ಚು ಯುದ್ಧಕೈದಿಗಳು ಅಲ್ಲಿ ದುಡಿದರು. 12,000ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿದ್ದ ಸುಮಾರು 13,000 ಆಸ್ಟ್ರೇಲಿಯನ್ನರಲ್ಲಿ 2,700ಕ್ಕಿಂತ ಹೆಚ್ಚು ಜನ ಹಿಂದಿರುಗಲಿಲ್ಲ.

ಡನ್ಲಪ್ ಅವರ ಪಾಲಿಗೆ ಬಂದದ್ದು ಕೊನ್ಯು ಮತ್ತು ಹಿಂಟೋಕ್ ಎಂಬ ಜಾಗಗಳ ಶಿಬಿರಗಳು. ಬೆಟ್ಟದ ಬಂಡೆಯನ್ನು ಸೀಳಿ ದಾರಿ ಬಿಡಿಸಬೇಕಿತ್ತು. ಒಬ್ಬ ಉಕ್ಕಿನ ಸಲಾಕೆ ಹಿಡಿದು ನಿಲ್ಲುತ್ತಿದ್ದ, ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯುತ್ತಿದ್ದ. ಹೀಗೆ ಕೊರೆದ ತೂತಿಗೆ ಸಿಡಿಮದ್ದು ತುಂಬಿ ಒಡೆದು, ಪುಡಿಗಲ್ಲನ್ನು ಬುಟ್ಟಿಯಲ್ಲಿ ಹೊರಬೇಕಾಗುತ್ತಿತ್ತು. ರಾತ್ರಿ ಬೆಂಕಿ, ಪಂಜುಗಳ ಬೆಳಕಿನಲ್ಲಿ ಎಲುಬುಗೂಡಿನಂಥ ಮನುಷ್ಯರು ದುಡಿಯುತ್ತಿದ್ದ ದೃಶ್ಯದಿಂದಾಗಿ ಕೊನ್ಯುವಿನ ಆ ಕಣಿವೆಗೆ ‘ಹೆಲ್‌ಫೈರ್ ಪಾಸ್’ (ನರಕದ ಬೆಂಕಿಯ ಕಣಿವೆ) ಎಂಬ ಹೆಸರು ಬಂತು. 1943ರ ಮಧ್ಯದ ತಿಂಗಳುಗಳಲ್ಲಿ, ಮಳೆಗಾಲ ಹಿಡಿದಿದ್ದಾಗಲೇ, ಕೆಲಸದ ವೇಗ ಹೆಚ್ಚಿಸಲು ಆದೇಶ ಬಂತು. ಕಾವಲುಗಾರರ ಬಾಯಲ್ಲಿ ಸದಾ ಇದ್ದ ‘ಸ್ಪೀಡೋ’ ಎಂಬ ಕೂಗೇ ಆ ಅವಧಿಯ ಹೆಸರಾಯಿತು. ದಿನಕ್ಕೆ ಹದಿನಾರು, ಹದಿನೆಂಟು ತಾಸು ದುಡಿಮೆ.

ಬೆಳಗಿನ ಹಾಜರಿಯ ಹೊತ್ತಿನಲ್ಲಿ ಆ ಶಿಬಿರಗಳಲ್ಲಿ ನಡೆಯುತ್ತಿದ್ದುದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ರೈಲ್ವೆ ಎಂಜಿನಿಯರ್‌ಗಳು ಇಂತಿಷ್ಟು ಜನ ಬೇಕೆಂದು ಕೇಳುತ್ತಿದ್ದರು. ನಡೆಯಬಲ್ಲವರ ಸಂಖ್ಯೆ ಅಷ್ಟಿರುತ್ತಿರಲಿಲ್ಲ. ಸಂಖ್ಯೆ ತುಂಬದಿದ್ದರೆ ಕಾವಲುಗಾರರು ರೋಗಿಗಳ ಗುಡಿಸಲಿಗೇ ನುಗ್ಗಿ, ಕೈಗೆ ಸಿಕ್ಕವರನ್ನು ಎಳೆದೊಯ್ಯುವರು. ಆಗ ವೈದ್ಯನ ಮುಂದೆ ಉಳಿಯುತ್ತಿದ್ದ ದಾರಿ ಯಾವುದು? ಜ್ವರದಿಂದ ನಡುಗುತ್ತಿರುವ ಐವತ್ತು ಜನರಲ್ಲಿ ಇವತ್ತೊಂದು ದಿನ ಕೆಲಸಕ್ಕೆ ಹೋದರೂ ಸಾಯಲಾರದ ಹತ್ತು ಮಂದಿಯನ್ನು ಆತನೇ ಆರಿಸಬೇಕು. ವೈದ್ಯಶಾಸ್ತ್ರ ಕಲಿಸುವುದು ರೋಗಿಯನ್ನು ಮಲಗಿಸಲು. ಇಲ್ಲಿ ರೋಗಿಯನ್ನು ಎಬ್ಬಿಸಿ ಬಂಡೆ ಒಡೆಯಲು ಕಳಿಸುವ ನಿರ್ಧಾರಕ್ಕೆ ವೈದ್ಯನ ಅನುಭವ ಬಳಕೆಯಾಗುತ್ತಿತ್ತು. ಡನ್ಲಪ್ ಪ್ರತಿಯೊಬ್ಬನಿಗಾಗಿಯೂ ವಾದಿಸುತ್ತಿದ್ದರು, ತಲೆಗಳ ಲೆಕ್ಕದಲ್ಲಿ ಚೌಕಾಸಿ ಮಾಡುತ್ತಿದ್ದರು, ಅದಕ್ಕಾಗಿ ಏಟು ತಿನ್ನುತ್ತಿದ್ದರು. ಏಟು ತಿಂದ ಮೇಲೂ ಎದ್ದು ನಿಂತು ವಾದ ಮುಂದುವರಿಸುತ್ತಿದ್ದರು. ಅವರ ಎತ್ತರವೇ ಕಾವಲುಗಾರರನ್ನು ಕೆರಳಿಸುತ್ತಿತ್ತಂತೆ. ಹೀಗೆ ಒಂದು ಬೆಳಗ್ಗೆ ಇಬ್ಬರನ್ನು, ಮತ್ತೊಂದು ಬೆಳಗ್ಗೆ ಐವರನ್ನು ಹಾಸಿಗೆಯಲ್ಲೇ ಉಳಿಸಿಕೊಂಡದ್ದು ಯಾವ ಆಸ್ಪತ್ರೆಯ ದಾಖಲೆಯಲ್ಲೂ ಶಸ್ತ್ರಚಿಕಿತ್ಸೆಯೆಂದು ನಮೂದಾಗುವುದಿಲ್ಲ. ನನ್ನ ಮಟ್ಟಿಗೆ ಅವರ ಇಡೀ ವೃತ್ತಿಜೀವನದ ಅತಿ ಕಠಿಣ ಕೆಲಸ ಅದು.

ಇನ್ನು ರೋಗಗಳು. ಮಲೇರಿಯಾ, ಆಮಶಂಕೆ, ಬೆರಿಬೆರಿ, ಅದರಂತೆಯೇ ಜೀವಸತ್ವದ ಕೊರತೆಯಿಂದ ಬರುವ ಪೆಲಾಗ್ರ ಇವುಗಳಲ್ಲಿ ಒಂದಾದರೂ ಇಲ್ಲದವನು ಆ ಶಿಬಿರದಲ್ಲಿ ಇರಲಿಲ್ಲ. ಡನ್ಲಪ್ ಅವರನ್ನೂ ಮಲೇರಿಯಾ, ಆಮಶಂಕೆಗಳು ಬಿಡಲಿಲ್ಲ. ಬಿದಿರಿನ ಸಿಬಿರು ತಾಗಿ ಆದ ಗೀರು ಸಾಕಾಗುತ್ತಿತ್ತು: ಸತ್ವವಿಲ್ಲದ ಊಟದಿಂದ ಸೊರಗಿದ ಮೈಯಲ್ಲಿ ಅದು ಹುಣ್ಣಾಗಿ, ವಾರದೊಳಗೆ ಮೊಣಕಾಲಿನಿಂದ ಪಾದದವರೆಗೆ ಮಾಂಸ ಕೊಳೆತು, ಎಲುಬು ಕಾಣಿಸುತ್ತಿತ್ತು. ಅರಿವಳಿಕೆ ಇಲ್ಲದೆ, ಅಂಚು ಮಸೆದ ಚಮಚದಿಂದ ಕೊಳೆತದ್ದನ್ನು ಕೆರೆದು ತೆಗೆಯುವುದೇ ಅದಕ್ಕೆ ಇದ್ದ ಚಿಕಿತ್ಸೆ. ಅದಕ್ಕೂ ಬಗ್ಗದಿದ್ದರೆ ಕಾಲನ್ನೇ ಕತ್ತರಿಸಬೇಕು. ಮಳೆಯೊಂದಿಗೆ ಕಾಲರಾ ಬಂತು. ಬೆಳಗ್ಗೆ ಕೆಲಸಕ್ಕೆ ಹೋದವನು ಸಂಜೆಗೆ ಗುರುತೇ ಸಿಗದಷ್ಟು ಬತ್ತಿಹೋಗಿರುತ್ತಿದ್ದ. ಕಾಲರಾದಲ್ಲಿ ಕೊಲ್ಲುವುದು ದೇಹದ ನೀರು, ಉಪ್ಪು ಸೋರಿಹೋಗುವುದು; ಅವೆರಡನ್ನೂ ರಕ್ತನಾಳದ ಮೂಲಕ ಮರಳಿ ತುಂಬಿಸಿದರೆ ರೋಗಿ ಉಳಿಯಬಲ್ಲ. ಸಿಕ್ಕಿದ ಕೊಳವೆ, ಡಬ್ಬಗಳಿಂದ ಭಟ್ಟಿ ಕಟ್ಟಿ ನೀರನ್ನು ಶುದ್ಧಮಾಡಿ, ಕಲ್ಲುಪ್ಪು ಬೆರೆಸಿ, ಸ್ಟೆತಸ್ಕೋಪಿನ ರಬ್ಬರು ನಳಿಕೆ ಮತ್ತು ಚೂಪು ಮಾಡಿದ ಬಿದಿರಿನ ಕಡ್ಡಿಯ ಮೂಲಕ ಅದನ್ನು ರೋಗಿಯ ರಕ್ತನಾಳಕ್ಕೆ ಹರಿಸಿದರು.

ಈ ಬಿದಿರಿನ ಸೂಜಿಯ ಕಥೆ ಎಲ್ಲರಿಗೂ ಇಷ್ಟವಾಗುತ್ತದೆ, ನನಗೂ ಇಷ್ಟ. ಆದರೂ ಕಾಲರಾ ಹಬ್ಬದಂತೆ ತಡೆದದ್ದರಲ್ಲಿ ಇನ್ನೂ ಸರಳವಾದ ಸಂಗತಿಗಳ ಪಾಲು ದೊಡ್ಡದು. ಕುದಿಸದ ನೀರನ್ನು ಯಾರೂ ಕುಡಿಯಕೂಡದು, ಊಟದ ತಟ್ಟೆಯನ್ನು ಬಡಿಸಿಕೊಳ್ಳುವ ಮೊದಲು ಕುದಿಯುವ ನೀರಿನಲ್ಲಿ ಅದ್ದಬೇಕು, ಶೌಚದ ಗುಂಡಿ ಆಳವಾಗಿರಬೇಕು, ನೊಣ ಸೇರದಂತೆ ಮುಚ್ಚಿರಬೇಕು, ರೋಗಿಗಳ ಗುಡಿಸಲು ದೂರವಿರಬೇಕು, ಸತ್ತವರನ್ನು ಸುಡಬೇಕು. ಹದಿನೆಂಟು ತಾಸು ದುಡಿದು ಬಂದವನಿಗೆ ಗುಂಡಿ ತೋಡು ಎನ್ನುವುದು, ಬಾಯಾರಿದವನಿಗೆ ನೀರು ಕುದಿಯುವವರೆಗೆ ಕಾಯಲು ಹೇಳುವುದು ಸುಲಭದ ಮಾತಲ್ಲ. ಮಾತು ಕೇಳುವಂತೆ ಮಾಡಲು ಅಧಿಕಾರದ ಜೊತೆಗೆ ಜನರ ನಂಬಿಕೆಯೂ ಬೇಕು. ನಾಯಕನೇ ವೈದ್ಯನಾಗಿದ್ದ ಶಿಬಿರದಲ್ಲಿ ಇವೆರಡೂ ಒಂದೇ ಕಡೆ ಇದ್ದವು.

ಈ ಮಾತಿಗೆ ಇರುವ ಅತ್ಯಂತ ನೋವಿನ ಸಾಕ್ಷ್ಯ ಅದೇ ರೈಲುಹಾದಿಯ ಮೇಲೆ ಪಕ್ಕದಲ್ಲೇ ಇತ್ತು. ಯುದ್ಧಕೈದಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಸಂಖ್ಯೆಯಲ್ಲಿ ಅಲ್ಲಿ ಏಷ್ಯಾದ ಕೂಲಿಗಳಿದ್ದರು: ಮಲಯಾದ ರಬ್ಬರ್ ತೋಟಗಳಿಂದ ಕರೆತಂದ ತಮಿಳರು, ಬರ್ಮೀಯರು, ಜಾವಾದವರು, ಮಲಯರು. ಕೆಲವರಿಗೆ ಒಳ್ಳೆಯ ಕೂಲಿಯ ಆಸೆ ತೋರಿಸಲಾಗಿತ್ತು, ಹಲವರನ್ನು ಬಲವಂತದಿಂದ ಹಿಡಿದು ತರಲಾಗಿತ್ತು. ಎಷ್ಟೋ ಕುಟುಂಬಗಳು ಹೆಂಡತಿ ಮಕ್ಕಳ ಸಮೇತ ಬಂದಿದ್ದವು. ಅವರಲ್ಲಿ ಸತ್ತವರ ಸಂಖ್ಯೆ 75,000ವನ್ನೂ ಮೀರುತ್ತದೆ ಎಂಬುದು ಸಾಮಾನ್ಯ ಅಂದಾಜು. ಹೆಸರು ಬರೆದಿಟ್ಟವರಿಲ್ಲವಾದ್ದರಿಂದ ಅಂದಾಜಿನಲ್ಲೇ ನಿಲ್ಲಬೇಕಾಗಿದೆ. ಅದೇ ಕಾಡು, ಅದೇ ಮಳೆ, ಅದೇ ಕಾಲರಾ. ಆದರೆ ಅವರಿಗೆ ಸೇನೆಯ ಕಟ್ಟುಪಾಡಿರಲಿಲ್ಲ, ತಮ್ಮವರೇ ಆದ ವೈದ್ಯರು ಬಹುಮಟ್ಟಿಗೆ ಇರಲಿಲ್ಲ, ಎಂಜಿನಿಯರ್‌ನ ಎದುರು ನಿಂತು ಇವನು ಇವತ್ತು ಬರಲಾರ ಎಂದು ಹೇಳುವವರು ಇರಲಿಲ್ಲ. ಡನ್ಲಪ್ ಅವರಂಥವರ ಕೆಲಸದ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಆ ಕೂಲಿಗಳ ಶಿಬಿರಗಳ ಕಡೆ ನೋಡಬೇಕು. ರೈಲುಹಾದಿಯ ಬಗ್ಗೆ ಬರೆಯುವ ಎಷ್ಟೋ ಮಂದಿ ಈ ಜನರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ ಎಂಬುದು ನನ್ನ ಮನಸ್ಸಿನಲ್ಲಿ ಯಾವಾಗಲೂ ಉಳಿದಿರುವ ಬೇಸರ.

ಡನ್ಲಪ್ ಒಬ್ಬರೇ ಅಲ್ಲ ಎಂಬುದನ್ನೂ ಹೇಳಲೇಬೇಕು. ಅವರೇ ಅದನ್ನು ಎಲ್ಲೆಡೆ ಹೇಳುತ್ತಿದ್ದರು. ಬರ್ಮಾದ ಕಡೆಯ ಶಿಬಿರಗಳಲ್ಲಿ ಆಲ್ಬರ್ಟ್ ಕೋಟ್ಸ್ ಎಂಬ ಇನ್ನೊಬ್ಬ ಆಸ್ಟ್ರೇಲಿಯನ್ ಶಸ್ತ್ರವೈದ್ಯರು ಚಾಕು, ಗರಗಸ ಮತ್ತು ಒಂದೆರಡು ಇಕ್ಕಳಗಳನ್ನಿಟ್ಟುಕೊಂಡು ನೂರಕ್ಕೂ ಹೆಚ್ಚು ಕಾಲುಗಳನ್ನು ಕತ್ತರಿಸಿ ಜೀವ ಉಳಿಸಿದರು. ಯುದ್ಧಾನಂತರ ಟೋಕಿಯೋದ ಯುದ್ಧಾಪರಾಧ ನ್ಯಾಯಮಂಡಳಿಯ ಮುಂದೆ ಸಾಕ್ಷ್ಯ ನುಡಿದರು. ಚುಂಗ್‌ಕಾಯ್ ಶಿಬಿರದಲ್ಲಿ ಕೆನಡಾದ ಜೇಕಬ್ ಮಾರ್ಕೊವಿಟ್ಜ್ ದಾನಿಯ ರಕ್ತವನ್ನು ಬಿದಿರಿನ ಕಡ್ಡಿಯಿಂದ ಕಡೆದು, ಹೆಪ್ಪುಗಟ್ಟುವ ಎಳೆಗಳನ್ನು ಬೇರ್ಪಡಿಸಿ, ಬಟ್ಟೆಯಲ್ಲಿ ಸೋಸಿ ರೋಗಿಗಳಿಗೆ ಕೊಟ್ಟರು. ಡನ್ಲಪ್ ಕೂಡ 1944ರಲ್ಲಿ ಚುಂಗ್‌ಕಾಯ್‌ಗೆ, ಅಲ್ಲಿಂದ ನಖೋನ್ ಪಾಥೊಮ್‌ನ ದೊಡ್ಡ ಆಸ್ಪತ್ರೆ ಶಿಬಿರಕ್ಕೆ ಬಂದರು. ಅಲ್ಲಿ ಕೋಟ್ಸ್ ಅವರ ಕೈಕೆಳಗೆ ಶಸ್ತ್ರಚಿಕಿತ್ಸೆಯ ವಿಭಾಗವನ್ನು ನೋಡಿಕೊಂಡರು.

ವೈದ್ಯರಲ್ಲದ ಒಬ್ಬರನ್ನೂ ಈ ಸಾಲಿನಲ್ಲೇ ನೆನೆಯಬೇಕು. ಥಾಯ್ಲೆಂಡಿನ ಕಾಂಚನಬುರಿಯ ವ್ಯಾಪಾರಿ ಬೂನ್‌ಪಾಂಗ್ ಸಿರಿವೆಜ್ಜಭಂಡು ದೋಣಿಯಲ್ಲಿ ಶಿಬಿರಗಳಿಗೆ ತರಕಾರಿ, ದಿನಸಿ ಪೂರೈಸುವ ಗುತ್ತಿಗೆ ಹಿಡಿದಿದ್ದರು. ಆ ಸರಕಿನೊಳಗೆ ಔಷಧಿ, ಹಣ, ರೇಡಿಯೊಗೆ ಬ್ಯಾಟರಿ ಅಡಗಿಸಿ ತರುತ್ತಿದ್ದರು. ಸಿಕ್ಕಿಬಿದ್ದರೆ ಪ್ರಾಣ ಹೋಗುತ್ತದೆಂದು ತಿಳಿದೇ ಅವರೂ ಅವರ ಮನೆಯವರೂ ಇದನ್ನು ಮಾಡಿದರು. ಆ ಔಷಧಿಗಳು ಇಲ್ಲದಿದ್ದರೆ ವೈದ್ಯರ ಎಷ್ಟೋ ಜಾಣ್ಮೆ ಕೈಕಟ್ಟಿ ಕೂರಬೇಕಾಗುತ್ತಿತ್ತು.

ಇಷ್ಟರ ನಡುವೆ ಡನ್ಲಪ್ ದಿನಚರಿ ಬರೆದಿಟ್ಟರು, ಬಚ್ಚಿಟ್ಟರು, ಉಳಿಸಿ ತಂದರು. ಸತ್ತವರು, ಮಲಗಿದವರು, ಸಿಕ್ಕ ಅಕ್ಕಿ, ಕೇಳಿದ ಆಳುಗಳ ಸಂಖ್ಯೆ ಎಲ್ಲವೂ ಅದರಲ್ಲಿದೆ. ಅದು ಪುಸ್ತಕವಾಗಿ ಹೊರಬಂದದ್ದು 1986ರಲ್ಲಿ.

1945ರಲ್ಲಿ ಮೆಲ್ಬರ್ನ್‌ಗೆ ಮರಳಿ, ಏಳು ವರ್ಷ ತಮಗಾಗಿ ಕಾದಿದ್ದ ಹೆಲೆನ್ ಫರ್ಗುಸನ್ ಅವರನ್ನು ನವೆಂಬರ್‌ನಲ್ಲಿ ಮದುವೆಯಾದರು. ರಾಯಲ್ ಮೆಲ್ಬರ್ನ್ ಆಸ್ಪತ್ರೆಯಲ್ಲಿ ಅನ್ನನಾಳ ಮತ್ತು ಜಠರದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಮಾಡಿದರು. ಯುದ್ಧದಿಂದ ಮರಳಿದ ಅನೇಕರು ಅದನ್ನು ಮರೆಯಲು ಬಯಸಿದರು, ಅದು ಅವರ ಹಕ್ಕು. ಇವರು ಮಾತ್ರ ಹಳೆಯ ಕೈದಿಗಳನ್ನು ಬಿಡಲೇ ಇಲ್ಲ. ಶಿಬಿರದಿಂದ ಬಂದವರ ದೇಹದಲ್ಲಿ ಯುದ್ಧ ಮುಗಿದಿರಲಿಲ್ಲ: ಮರುಕಳಿಸುವ ಮಲೇರಿಯಾ, ಬೆರಿಬೆರಿಯಿಂದ ಹಾಳಾದ ನರಗಳು, ಮಂದವಾದ ದೃಷ್ಟಿ, ರಾತ್ರಿಯ ಕೆಟ್ಟ ಕನಸುಗಳು. ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಮೂವತ್ತು, ನಲವತ್ತು ವರ್ಷಗಳ ನಂತರವೂ ರೈಲುಹಾದಿಯ ಮಾಜಿ ಕೈದಿಗಳ ಕರುಳಿನಲ್ಲಿ ಜೀವಂತವಾಗಿ ಪತ್ತೆಯಾಯಿತು. ಆದರೆ ಈಗಿನ ಕಾಯಿಲೆಗೆ ಅಂದಿನ ಸೆರೆವಾಸವೇ ಕಾರಣವೆಂದು ಕಡತದಲ್ಲಿ ತೋರಿಸುವುದು ಕಷ್ಟವಾಗಿತ್ತು. ಡನ್ಲಪ್ ಆ ಮಾಜಿ ಕೈದಿಗಳಿಗೆ ಚಿಕಿತ್ಸೆ ಕೊಟ್ಟರು, ಪಿಂಚಣಿಗಾಗಿ ಪತ್ರ ಬರೆದರು, ಮಾಜಿ ಯುದ್ಧಕೈದಿಗಳ ಮತ್ತು ಅವರ ಕುಟುಂಬಗಳ ಸಂಘಟನೆಯಲ್ಲಿ ದಶಕಗಳ ಕಾಲ ದುಡಿದರು. ಹಾಜರಿಯ ಮೈದಾನದಲ್ಲಿ ಇವನು ಕೆಲಸಕ್ಕೆ ಬರಲಾರ ಎಂದು ಹೇಳುತ್ತಿದ್ದ ಅದೇ ಮನುಷ್ಯ, ಈಗ ಕಚೇರಿಗಳಿಗೆ ಅದೇ ಮಾತನ್ನು ಬರೆದು ತಿಳಿಸುತ್ತಿದ್ದರು.

ಜಪಾನೀಯರ ಬಗ್ಗೆ ಜೀವನಪೂರ್ತಿ ದ್ವೇಷ ಕಟ್ಟಿಕೊಳ್ಳಲು ಅವರಿಗೆ ಬೇಕಾದಷ್ಟು ಕಾರಣಗಳಿದ್ದವು. ಅವರು ಆ ದಾರಿ ಹಿಡಿಯಲಿಲ್ಲ. ಅದನ್ನು ಒಪ್ಪದ ಹಳೆಯ ಸಂಗಾತಿಗಳಿದ್ದರು, ಅವರ ಸಿಟ್ಟೂ ನ್ಯಾಯವಾದದ್ದೇ. ನೋವಿನ ಮತ್ತು ಸಾವಿನ ಎದುರು ಎಲ್ಲ ಮನುಷ್ಯರೂ ಒಂದೇ ಎಂಬ ಬೌದ್ಧ ನಂಬಿಕೆಯನ್ನು ಡನ್ಲಪ್ ತಮ್ಮ ಅನುಭವದಿಂದ ಅರಿತಿದ್ದರು. ಏಷ್ಯಾದ ದೇಶಗಳಿಗೆ ನೆರವು ನೀಡುವ ಕೊಲಂಬೊ ಯೋಜನೆಯ ಮೂಲಕ 1956ರಲ್ಲಿ ಥಾಯ್ಲೆಂಡ್ ಮತ್ತು ಸಿಲೋನ್‌ಗೆ, 1960ರ ದಶಕದ ಆರಂಭದಲ್ಲಿ ಭಾರತಕ್ಕೆ ಸಲಹೆಗಾರರಾಗಿ ಬಂದರು. 1969ರಲ್ಲಿ, ಅರವತ್ತು ದಾಟಿದ ಮೇಲೆ, ದಕ್ಷಿಣ ವಿಯೆಟ್ನಾಂನಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಶಸ್ತ್ರವೈದ್ಯರ ತಂಡದ ನೇತೃತ್ವ ವಹಿಸಿದರು. ಅದೇ ವರ್ಷ ಅವರಿಗೆ ನೈಟ್ ಪದವಿ ದೊರೆಯಿತು. ಸತ್ತ ಬಳಿಕ 1995ರಲ್ಲಿ ಅವರ ಚಿತ್ರ ಆಸ್ಟ್ರೇಲಿಯಾದ ಐವತ್ತು ಸೆಂಟಿನ ನಾಣ್ಯದ ಮೇಲೆ ಬಂತು, ಮೆಲ್ಬರ್ನ್‌ನಲ್ಲಿ ಪ್ರತಿಮೆ ಎದ್ದಿತು. ಒಬ್ಬರ ಮುಖವೇ ಎಲ್ಲ ಶಿಬಿರ ವೈದ್ಯರ ಮುಖವಾಗಿಬಿಟ್ಟಿತು ಎಂಬ ಆಕ್ಷೇಪವಿದೆ. ಅದರಲ್ಲಿ ನಿಜವಿದೆ ಎಂದೇ ನಾನು ಕೋಟ್ಸ್ ಮತ್ತು ಮಾರ್ಕೊವಿಟ್ಜ್ ಅವರ ಹೆಸರುಗಳನ್ನು ಇಲ್ಲಿ ಸೇರಿಸಿದ್ದೇನೆ.

ಪ್ರತಿಮೆಗಿಂತ ನನಗೆ ಹೆಚ್ಚು ಸಮಾಧಾನ ಕೊಡುವ ಸ್ಮಾರಕವೊಂದಿದೆ. ಡನ್ಲಪ್ ಮತ್ತು ಬೂನ್‌ಪಾಂಗ್ ಇಬ್ಬರ ಹೆಸರನ್ನೂ ಜೋಡಿಸಿ ಆಸ್ಟ್ರೇಲಿಯಾದಲ್ಲಿ ಒಂದು ಫೆಲೋಶಿಪ್ ಸ್ಥಾಪಿಸಲಾಯಿತು. ಅದರ ನೆರವಿನಿಂದ ಥಾಯ್ಲೆಂಡಿನ ಯುವ ಶಸ್ತ್ರವೈದ್ಯರು ಆಸ್ಟ್ರೇಲಿಯಾದ ಆಸ್ಪತ್ರೆಗಳಿಗೆ ಬಂದು ಕೆಲಕಾಲ ತರಬೇತಿ ಪಡೆದು, ತಮ್ಮ ದೇಶಕ್ಕೆ ಮರಳಿ ಕೆಲಸ ಮಾಡುತ್ತಾರೆ. ಆ ಔಷಧಿಯ ಋಣವನ್ನು ತೀರಿಸಲು ಇದಕ್ಕಿಂತ ತಕ್ಕ ರೀತಿ ನನಗೆ ತೋಚುವುದಿಲ್ಲ.